ಬೋಲ್ಟಿಗೆ ಸುತ್ತಿದ ನೂಲು

ಬಿಸಿ ಎಣ್ಣೆ, ಕೆನ್ನೆಯ ಮೇಲೆ ಇನ್ನೊಂದು ಹನಿ, ಕಣ್ಣಿಗೆ ಬೀಳದಿದ್ದರೆ ಸಾಕು, ಡಂಬಳ ದಾಟಿ ತುಸು ದೂರ ಬಂದಿದ್ದೇವೆ ಅಷ್ಟೇ, ಗದಗು ಇನ್ನೂ ದೂರ, ಮೇಲೆ ಸುಡುವ ಇಂಜಿನ್, ಬೆನ್ನಿಗೆ ಹಸಿ ಎರೆಮಣ್ಣು, ಹಿಂದಿನ ಸೀಟಿನಲ್ಲಿ ಹನಮವ್ವ ನರಳುತ್ತಿದ್ದಾಳೆ, ದಿನ ತುಂಬಿದ ಹೆಂಗಸು, ಮುಂಡರಗಿಯ ನಿರಾಶ್ರಿತರ ಶಿಬಿರದಲ್ಲಿ ಸೂಲಗಿತ್ತಿ ಕೈಚೆಲ್ಲಿದ್ದಳು, ಕೂಸು ಅಡ್ಡ ತಿರುಗೇತಿ, ಜಲ್ದಿ ಗದಗಿನ ದವಾಖಾನಿಗೆ ಒಯ್ರಿ — ಶಿಬಿರಕ್ಕೆ ಇದ್ದದ್ದು ಈ ಒಂದೇ ಹಳೆಯ ಕಾರು, ಅದಕ್ಕೆ ಡ್ರೈವರ್, ಮೇಸ್ತ್ರಿ ಎಲ್ಲ ನಾನೊಬ್ಬನೇ, ಬೆಟಗೇರಿಯ ರಹಮಾನಸಾಬ. ಹೆಸರು ಕೇಳಿದ್ದೇ ತಡ ಅತ್ತೆ ಹುಚ್ಚವ್ವ ಸೊಸೆಯನ್ನು ಹಿಂದಕ್ಕೆ ಎಳೆದುಕೊಂಡಿದ್ದಳು, ಬ್ಯಾಡ, ಇಂವನ ಗಾಡ್ಯಾಗ ಬ್ಯಾಡ, ಇಲ್ಲೇ ಸತ್ರೂ ಚಿಂತಿಲ್ಲ, ಕೊನೆಗೆ ಸೂಲಗಿತ್ತಿಯೇ ಗದರಿಸಿ ಇಬ್ಬರನ್ನೂ ಹತ್ತಿಸಿದಳು. ಸಿಟ್ಟು ಬರಲಿಲ್ಲವೇ, ಬಂತು, ಯಾರ ಮೇಲೆ ತೀರಿಸಲಿ, ಗಡಿಯಾಚೆ ನಿಜಾಮನ ಸೀಮೆಯಲ್ಲಿ ರಜಾಕಾರರು ಅವಳ ಮನೆ ಸುಟ್ಟದ್ದು ಮೊನ್ನೆ ಮೊನ್ನೆ, ಮಗ ಹೇಮಪ್ಪ, ಹನಮವ್ವನ ಗಂಡ, ಹೊರಗೆ ಬರಲೇ ಇಲ್ಲ, ನಮ್ಮ ಕಡೆ ಸ್ವಾತಂತ್ರ್ಯ ಬಂದು ವರ್ಷವಾಯಿತು, ಅವಳ ಊರಿಗೆ ಬಂದದ್ದು ಬೆಂಕಿ, ಅದರ ಬೆಳಕಿನಲ್ಲಿ ಅವಳು ಕಂಡ ಗಡ್ಡ ನನ್ನ ಗಡ್ಡದಂಥದೇ ಇದ್ದಿರಬೇಕು.

ಈ ಬೋಲ್ಟೇ, ಪಕ್ಕದ ಮುಚ್ಚಳ ಹಿಡಿದದ್ದು, ಇದರ ತೂತು ಒಳಗಿನ ಎಣ್ಣೆಯ ತನಕ ಹೋಗುತ್ತದೆ, ಬೋಲ್ಟಿನ ಸುತ್ತುಗೆರೆ ಹಿಡಿದು ಎಣ್ಣೆ ಹೊರಗೆ ಬರುತ್ತಿದೆ, ಬರೀ ಬಿಗಿದರೆ ನಿಲ್ಲದು, ಗೆರೆಯಲ್ಲೇ ತಡೆಯಬೇಕು, ಡಬ್ಬಿಯಲ್ಲಿ ಸಫೇದಾ ಇದೆ, ಗಟ್ಟಿ ಬಿಳಿ ಬಣ್ಣ, ನೂಲು ಮಾತ್ರ ಇಲ್ಲ, ನನ್ನ ರುಮಾಲು, ಅಂಗಿ ಎಲ್ಲ ಎಣ್ಣೆಮಯ, ಎಣ್ಣೆ ಹತ್ತಿದ ನೂಲಿಗೆ ಸಫೇದಾ ಕಚ್ಚುವುದಿಲ್ಲ. ಯವ್ವಾ, ಒಣಾ ನೂಲಿದ್ರ ಕೊಡ್ರಿ ಎಂದೆ. ಹುಚ್ಚವ್ವ ನನ್ನ ಕೈಗಳನ್ನೇ ನೋಡಿದಳು, ಯಾಕ ಬೇಕು ಎಂದಳು ಕೊನೆಗೆ, ಎಣ್ಣಿ ಸೋರಾಕ ಹತ್ತೇತ್ರಿ, ಹಿಂಗ ಬಿಟ್ರ ಇಂಜಿನ್ ಹಿಡಕೊಂತೈತಿ, ಗಾಡಿ ಮುಂದ ಹೋಗೂದಿಲ್ಲ. ಸೆರಗಿನ ಅಂಚನ್ನು ಹಲ್ಲಿನಿಂದ ಕಚ್ಚಿ ಎಳೆ ಕಿತ್ತಳು, ತೊಡೆಯ ಮೇಲೆ ಹೊಸೆದಳು, ಮುಂಡರಗಿಯಲ್ಲಿ ನನ್ನ ಕೈಯಿಂದ ನೀರು ಇಸಿದುಕೊಳ್ಳದವಳು, ನೆಲಕ್ಕೆ ಒಗೆಯುತ್ತಾಳೇನೋ, ಎತ್ತಿಕೋ ಎನ್ನುತ್ತಾಳೇನೋ — ನನ್ನ ಅಂಗೈಯಲ್ಲೇ ಇಟ್ಟಳು, ಸಾಕಾಗತೈತೇನ್ ನೋಡು.

ಬೋಲ್ಟು ಒರೆಸಿ, ಸಫೇದಾ ಬಳಿದು, ಬಿಗಿಯುವ ದಿಕ್ಕಿಗೇ ನೂಲು ಸುತ್ತಿ — ಉಲ್ಟಾ ಸುತ್ತಿದರೆ ಬಿಚ್ಚಿಕೊಂಡು ಬರುತ್ತದೆ — ಮೆಲ್ಲಗೆ ತಿರುವುತ್ತೇನೆ, ಒಣಗಲು ಬಿಡಬೇಕು, ಬಿಡಲು ಹೊತ್ತೆಲ್ಲಿದೆ, ಇದ್ದ ಎಣ್ಣೆ ಒಳಗೆ ಸುರಿದು ಮುಂದಿನ ಹಿಡಿಕೆ ತಿರುವಿದೆ, ಯಾ ಅಲ್ಲಾ, ಇಂಜಿನ್ ಎದ್ದಿತು. ಹಳ್ಳದ ಬಳಿ ನಿಲ್ಲಿಸಿ ಬಗ್ಗಿ ನೋಡಿದೆ, ನೂಲು ಹಿಡಿದಿದೆ, ಎಣ್ಣೆ ಇಲ್ಲ, ನಿಂತತೇನು, ಹುಚ್ಚವ್ವ ಕೇಳುತ್ತಾಳೆ, ನಿಂತೈತ್ರಿ ಯವ್ವಾ, ಮತ್ತೆ ಸೀಟಿಗೆ ಹತ್ತುವಷ್ಟರಲ್ಲಿ ಆ ಚೀರು, ದಾರಿಯುದ್ದಕ್ಕೂ ಮುಖ ಮುಚ್ಚಿಕೊಂಡೇ ಇದ್ದ ಹನಮವ್ವ ಹಿಂದಿನಿಂದ ನನ್ನ ಹೆಗಲು ಹಿಡಿದಳು, ಅಣ್ಣಾ, ನಿಲ್ಲಸಬ್ಯಾಡ, ಹೊಡಿ — ಹೊಡೆದೆ, ಗುಂಡಿ ನೋಡಲಿಲ್ಲ, ಕಲ್ಲು ನೋಡಲಿಲ್ಲ, ನೋವು ಬಂದಾಗಲೊಮ್ಮೆ ಆ ಕೈ, ಮತ್ತೆ ಆ ಕೈ, ಗದಗಿನ ದವಾಖಾನೆಯ ಬಾಗಿಲಲ್ಲಿ ದಾದಿಯರು ಬಿಡಿಸುವ ತನಕ.

ಈಗ ಮೆಟ್ಟಿಲ ಮೇಲೆ ಕೂತಿದ್ದೇನೆ, ಒಳಗೆ ಕೂಸು ಅತ್ತದ್ದು ಕೇಳಿತು, ಹುಚ್ಚವ್ವ ಹೊರಗೆ ಬಂದಳು, ಹೆಣ್ಣು, ಇಬ್ರೂ ಅದಾರ, ಎಂದು ನನ್ನ ಪಕ್ಕದಲ್ಲೇ ಕುಸಿದು ಮಗನ ಹೆಸರು ಹಿಡಿದು ಅತ್ತಳು, ಅತ್ತು ಮುಗಿದ ಮೇಲೆ ನನ್ನ ಕಡೆ ತಿರುಗಿ ಹೆಗಲು ಮುಟ್ಟಿದಳು, ರಗತ ಬಂದೈತಲ್ಲೋ ಯಪ್ಪಾ, ಎಲ್ಲಿ, ಅಂಗಿ ಸರಿಸಿದೆ — ಉಗುರು ನಾಟಿದ ಗುರುತು, ಬೆವರು ತಾಗಿ ಉರಿಯುತ್ತದೆ, ಉಗುರು ನಾಟಿದ ನಾಲ್ಕು ಗುರುತು, ಸಾಲಾಗಿ, ಕೆಂಪಗೆ —