ಡಾಕ್ಟರ್ ಅಲೀಮಾ ಅವರ ಕಾಲೇಜು

ಕೇರಳದ ಗಡಿಯ ಕುಂಜತ್ತೂರಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಶಾಹುಲ್ ಹಮೀದನಿಗೆ ಅಚ್ಚಾದದ್ದನ್ನೆಲ್ಲ ನಂಬುವ ಗುಣ ಹುಟ್ಟಿನಿಂದಲೇ ಬಂದದ್ದು. ಹುಡುಗನಾಗಿದ್ದಾಗ ಬಾಟಲಿಯ ಮೇಲಿನ ಚಿತ್ರ ನೋಡಿ ಕೂದಲೆಣ್ಣೆ ತಂದು, ಎಷ್ಟು ತಿಕ್ಕಿದರೂ ತನ್ನ ಕೂದಲು ಆ ಚಿತ್ರದವನ ಹಾಗೆ ಅಲೆಅಲೆಯಾಗಲಿಲ್ಲವೆಂದು ಕನ್ನಡಿಯ ಮುಂದೆ ಅತ್ತಿದ್ದ. ಅವನ ತಾಯಿ ಉಮ್ಮಾಲಿಮ್ಮ ಅದನ್ನು ಮರೆತಿರಲಿಲ್ಲ. ಹಾಗಾಗಿ ಹಮೀದನ ತಂಗಿಯ ಮಗ ಮಿದ್ಲಾಜ್ ಹೊಳೆಯುವ ಬ್ರೋಷರ್ ಒಂದನ್ನು ತಂದು ಮಾವನ ಕೈಗಿಟ್ಟ ದಿನವೇ, ಮೊಮ್ಮಗಳು ಸಫ್ನಾಳ ಕೆಲಸ ಕೆಟ್ಟಿತೆಂದು ಉಮ್ಮಾಲಿಮ್ಮನಿಗೆ ಗೊತ್ತಾಗಿತ್ತು.

ಹಮೀದನ ಮಗಳು ಸಫ್ನಾ ಪ್ಲಸ್ ಟು ಮುಗಿಸಿ, ಕಲಿತರೆ ಗ್ರಾಫಿಕ್ ಡಿಸೈನ್ ಎಂದು ಪಟ್ಟು ಹಿಡಿದಿದ್ದಳು. ಅದಕ್ಕೆ ಹಮೀದನ ತಕರಾರಿರಲಿಲ್ಲ. ತಕರಾರು ಇದ್ದದ್ದು ಎಲ್ಲಿ ಕಲಿಯುವುದೆಂಬುದರಲ್ಲಿ. ಅವಳ ಮನಸ್ಸು ಮಂಗಳೂರಿನ ಒಂದು ಹಳೆಯ ಕಲಾ ಕಾಲೇಜಿನ ನಾಲ್ಕು ವರ್ಷದ ಪದವಿಯ ಮೇಲಿತ್ತು. ಗೆಳತಿ ತೃಷಾಳ ಜೊತೆ ಹೋಗಿ ಅಲ್ಲಿಯ ವಾರ್ಷಿಕ ಪ್ರದರ್ಶನ ನೋಡಿ ಬಂದಿದ್ದಳು. ಮುದುಕರಿಗೂ ಓದಲು ಬರುವ ಹಾಗೆ ಬರೆದ ಔಷಧಿ ಡಬ್ಬಿಗಳು, ಬಸ್ಸಿನ ಬೋರ್ಡುಗಳು, ಹಪ್ಪಳದ ಕಟ್ಟಿನ ಹೊದಿಕೆ, ಎಲ್ಲ ಅಲ್ಲಿಯ ಮಕ್ಕಳದೇ ಕೆಲಸ. ಆದರೆ ಆ ಕಾಲೇಜಿಗೆ ಬ್ರೋಷರ್ ಎಂಬುದೇ ಇರಲಿಲ್ಲ. ವೆಬ್‌ಸೈಟಿನಲ್ಲಿದ್ದ ಒಂದೇ ಒಂದು ಮಸುಕು ಫೋಟೊದಲ್ಲಿ ಗೇಟಿನ ಎದುರು ನಾಯಿಯೊಂದು ಕಾಲು ಚಾಚಿ ಮಲಗಿತ್ತು.

"ಡಿಸೈನ್ ಕಲಿಸುವ ಕಾಲೇಜಂತೆ, ಫೋಟೊ ತೆಗೆಯುವಾಗ ನಾಯಿ ಓಡಿಸಲಿಕ್ಕೆ ಒಬ್ಬ ಜನ ಇಲ್ಲವಾ?" ಎಂದು ಹಮೀದ್ ಕೇಳಿದ.

ಮಿದ್ಲಾಜ್ ತಂದದ್ದು ಎಲ್ಲೋ ದೂರದ ಪಟ್ಟಣದ ಖಾಸಗಿ ಅಕಾಡೆಮಿಯದ್ದು. ಒಂದು ವರ್ಷದ ಡಿಪ್ಲೊಮಾ, ಮುಗಿದ ಮರುದಿನವೇ ಕೆಲಸ ಗ್ಯಾರಂಟಿ, ಗಾಜಿನ ಕಟ್ಟಡ, ಹುಲ್ಲುಹಾಸಿನ ಮೇಲೆ ಲ್ಯಾಪ್‌ಟಾಪ್ ಹಿಡಿದು ನಗುವ ಹುಡುಗಿಯರು. ಅಲ್ಲಿ ಹೇಳಿಕೊಡುವುದು ನಾಲ್ಕು ಸಾಫ್ಟ್‌ವೇರುಗಳ ಬಟನ್ ಒತ್ತುವುದನ್ನು ಮಾತ್ರ, ಆ ನಗುವ ಹುಡುಗಿಯರಲ್ಲಿ ಒಬ್ಬಳು ಉಪ್ಪಳದ ಹಲ್ಲಿನ ಕ್ಲಿನಿಕ್ಕಿನ ಫ್ಲೆಕ್ಸಿನಲ್ಲಿಯೂ ನಗುತ್ತಿದ್ದಾಳೆ ಎಂದು ಸಫ್ನಾ ಎಷ್ಟು ಹೇಳಿದರೂ ಅಪ್ಪನ ಕಿವಿಗೆ ಹೋಗಲಿಲ್ಲ. ಕಲಿತವಳಿಗೆ ಹಲ್ಲು ನೋವು ಬರಬಾರದಾ ಎಂದ. ಸಫ್ನಾಳ ತಾಯಿ ರಿಫಾನಾ ಯಾವ ಪಕ್ಷಕ್ಕೂ ಸೇರದೆ ಅಡುಗೆಮನೆ ಹಿಡಿದಳು.

ಅಂದು ಮಧ್ಯಾಹ್ನ ಮುಖ ಊದಿಸಿಕೊಂಡು ಪಕ್ಕದಲ್ಲಿ ಬಂದು ಬಿದ್ದುಕೊಂಡ ಮೊಮ್ಮಗಳ ತಲೆ ಸವರುತ್ತ ಉಮ್ಮಾಲಿಮ್ಮ ಆ ಬ್ರೋಷರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇಂಥದ್ದನ್ನು ಮಾಡುವುದು ಬಹಳ ಕಷ್ಟವಾ ಎಂದು ಕೇಳಿದಳು. ಇಲ್ಲ ಎಂದಳು ಸಫ್ನಾ.

"ಹಾಗಾದರೆ ನೀನೂ ಒಂದು ಕಾಲೇಜು ಮಾಡು."

ಸಫ್ನಾ ಎದ್ದು ಕೂತಳು.

ಶುಕ್ರವಾರ ಜುಮಾ ನಮಾಜಿಗೆಂದು ಹಮೀದ್ ಅಂಗಡಿ ಮುಚ್ಚಿದ ಹೊತ್ತಿನಲ್ಲಿ ಅಲ್ಲೇ ಫೋಟೊ ತೆಗೆಯುವ ಕೆಲಸ ನಡೆಯಿತು. ಅಂಗಡಿಯ ಗಾಜಿನ ಮುಂಭಾಗ ಸಫ್ನಾಳ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಏರಿ ಐದು ಮಾಳಿಗೆಯ ಕಟ್ಟಡವಾಯಿತು. ಸಾಲಾಗಿ ಜೋಡಿಸಿಟ್ಟ ವಾಶ್‌ಬೇಸಿನ್‌ಗಳ ನಲ್ಲಿ ಅಳಿಸಿಹೋಗಿ ಅವು ಬಿಳಿಯ ಸ್ಟುಡಿಯೊ ಮೇಜುಗಳಾದವು. ತೃಷಾ ಮೂರು ಸಲ ಚೂಡಿದಾರ್ ಬದಲಿಸಿ ಮೂವರು ವಿದ್ಯಾರ್ಥಿನಿಯರಾದಳು. ಪ್ರಿನ್ಸಿಪಾಲರೊಬ್ಬರು ಬೇಕಲ್ಲ ಎಂದಾಗ ಇಬ್ಬರೂ ಉಮ್ಮಾಲಿಮ್ಮನನ್ನು ನೋಡಿದರು. ಅವಳು ಆಗಲೇ ಮಗನ ಮದುವೆಯ ಕೋಟನ್ನು ಕಪಾಟಿನಿಂದ ತೆಗೆದು ತಂದಿದ್ದಳು. ಕೋಟು, ತಲೆವಸ್ತ್ರ, ದಪ್ಪ ಫ್ರೇಮಿನ ಕನ್ನಡಕ. ಸಫ್ನಾ ಅಜ್ಜಿಯ ಮುಖದ ಸುಕ್ಕೆಲ್ಲ ತಿದ್ದಿ, ಅವಳ ಹೆಸರನ್ನೇ ಒಡೆದು ಕೆಳಗೆ 'ಡಾ. ಯು. ಅಲೀಮಾ, ಪ್ರಾಂಶುಪಾಲರು' ಎಂದು ಬರೆದಳು. ಫೋಟೊ ನೋಡಿದ ಉಮ್ಮಾಲಿಮ್ಮನಿಗೆ, ಗಂಡ ಇದ್ದಿದ್ದರೆ ತೋರಿಸಬಹುದಿತ್ತು ಎನ್ನಿಸಿತು.

ಸಂಪರ್ಕಕ್ಕೆ ತೃಷಾಳ ಹಳೆಯ ಸಿಮ್ಮಿನ ನಂಬರು ಹಾಕಿದರು. ಆ ಸಿಮ್ಮು ಉಮ್ಮಾಲಿಮ್ಮನ ಸಣ್ಣ ಫೋನಿನೊಳಗೆ ಕೂತಿತು.

ಮರುವಾರ ಒಂದು ಬೆಳಗ್ಗೆ ಪೇಪರಿನ ನಡುವಿನಿಂದ ಹೊಸ ಬ್ರೋಷರ್ ಹಮೀದನ ಮಡಿಲಿಗೆ ಜಾರಿತು. ಅವನು ತಿನ್ನುತ್ತಿದ್ದ ಅಕ್ಕಿಯ ಪತ್ತಿರಿ ಅಲ್ಲಿಗೇ ನಿಂತಿತು. ಉಮ್ಮಾಲಿಮ್ಮ ಎದುರಿಗೆ ಕೂತು ಚಾ ಊದುತ್ತಿದ್ದಳು. ಹಮೀದ್ ಮೊದಲು ಕಟ್ಟಡ ನೋಡಿದ, ಆಮೇಲೆ ಸ್ಟುಡಿಯೊ ನೋಡಿದ, ಆಮೇಲೆ ಕನ್ನಡಕ ಹಾಕಿಕೊಂಡು ನೆಲ ನೋಡಿದ.

"ಇದು ಕಾಲೇಜು. ಟೈಲ್ ನೋಡಿ ಉಮ್ಮ, ಎರಡಡಿಗೆ ನಾಲ್ಕಡಿಯದ್ದು, ಒಂದೇ ಒಂದು ಜಾಯಿಂಟ್ ಕಾಣುವುದಿಲ್ಲ. ನೆಲಕ್ಕೆ ಇಷ್ಟು ಮಾಡಿದವರು ಮಕ್ಕಳಿಗೆ ಎಷ್ಟು ಮಾಡಲಿಕ್ಕಿಲ್ಲ?"

ಹೌದೆಂದು ಉಮ್ಮಾಲಿಮ್ಮ ತಲೆಯಾಡಿಸಿದಳು. ಪ್ರಿನ್ಸಿಪಾಲರ ಫೋಟೊದ ಮೇಲೆ ಮಗನ ಕಣ್ಣು ನಿಂತಾಗ ಮಾತ್ರ ಅವಳು ಚಾದ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದಳು. ಈ ಹೆಂಗಸನ್ನು ಎಲ್ಲೋ ನೋಡಿದ್ದೇನೆ, ಟಿವಿಯಲ್ಲಿ ಬರುವವರಿರಬೇಕು ಎಂದ. ಅಷ್ಟೇ ಅಲ್ಲ, ಬ್ರೋಷರಿನ ಫೋಟೊ ತೆಗೆದು ಕುಟುಂಬದ ವಾಟ್ಸಾಪ್ ಗ್ರೂಪಿಗೂ ಕಳಿಸಿ, ಫೋನು ಹಿಡಿದು ಮನೆ ಮುಂದಿನ ಸಿಟೌಟಿಗೆ ಹೋದ.

ಉಮ್ಮಾಲಿಮ್ಮ ಸೀದಾ ಹಿಂದಿನ ಬಾಗಿಲಿನಿಂದ ಬಾವಿಕಟ್ಟೆಗೆ ಓಡಿದಳು. ಸಫ್ನಾ ಹಿಂದೆಯೇ ಬಂದಳು. ಸಣ್ಣ ಫೋನು ಬಡಿದುಕೊಳ್ಳತೊಡಗಿತು. ತಲೆವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿದು, ಮಂಗಳೂರು ಸ್ಟೇಷನ್ನಿನಲ್ಲಿ ರೈಲಿನ ಹೊತ್ತು ಹೇಳುವ ಹೆಂಗಸಿನ ಸ್ವರದಲ್ಲಿ ಉಮ್ಮಾಲಿಮ್ಮ ನಮಸ್ಕಾರ ಹೇಳಿದಳು. ಹಮೀದ್ ಹಾಸ್ಟೆಲಿನ ಬಗ್ಗೆ ಕೇಳಿದ. ಉಂಟು ಎಂದಳು. ಊಟ ಹೇಗೆ ಎಂದು ಕೇಳಿದ. ತಾನೇ ನಿಂತು ಮಾಡಿಸುವುದೆಂದಳು, ಅದು ಸುಳ್ಳೂ ಆಗಿರಲಿಲ್ಲ. ಆಮೇಲೆ ಅವಳಿಗೆ ಬಾಯಿ ಕಟ್ಟಲಾಗಲಿಲ್ಲ.

"ನಿಮ್ಮ ಮಗಳಿಗೆ ಎಂತ ಕಲಿಯಲಿಕ್ಕೆ ಇಷ್ಟ?"

"ಡಿಸೈನ್ ಅಂತ ಹೇಳ್ತಾಳೆ," ಎಂದ ಹಮೀದ್ ಸಣ್ಣ ಸ್ವರದಲ್ಲಿ. "ಅದರಲ್ಲಿ ಎಂತ ಅಂತ ನಾನು ಸರಿಯಾಗಿ ಕೇಳಲಿಲ್ಲ ಮೇಡಂ."

ಉಮ್ಮಾಲಿಮ್ಮನಿಗೆ ಮಗನ ಮೇಲೆ ಒಮ್ಮೆಲೇ ಪ್ರೀತಿ ಬಂತು. ಮಗಳನ್ನೇ ಕೇಳಿ ಎಂದು ಹೇಳುವುದರೊಳಗೆ ರಸ್ತೆಯಲ್ಲಿ ಮೀನಿನವನ ಸ್ಕೂಟರು ಪೋಂ ಪೋಂ ಎಂದಿತು. ಆ ಹಾರ್ನಿಗೆ ಅವಳ ನಾಲಿಗೆ ಓಗೊಡುತ್ತ ಬಂದು ಎಷ್ಟು ವರ್ಷಗಳಾಗಿದ್ದವೋ, ಫೋನು ಬಾಯಿಯ ಹತ್ತಿರವಿರುವಾಗಲೇ ಹೇಳಿಬಿಟ್ಟಳು.

"ಸಫ್ನಾ, ಬೂತಾಯಿ ಉಂಟಾ ಕೇಳು ಹೋಗು."

ಹಮೀದ್ ಮನೆಯನ್ನು ಸುತ್ತಿ ಬಾವಿಕಟ್ಟೆಗೆ ಬರುವಾಗ ಅವನ ಫೋನು ಕಿವಿಯಲ್ಲೇ ಇತ್ತು. ತಾಯಿಯ ಫೋನು ಕಂಡ, ಮಗಳ ಮುಖ ಕಂಡ, ಕೈಯಲ್ಲಿದ್ದ ಬ್ರೋಷರನ್ನು ಬಿಡಿಸಿ ಇನ್ನೊಮ್ಮೆ ನೋಡಿದ. ಬೈಯುತ್ತಾನೆಂದು ಸಫ್ನಾ ಅಜ್ಜಿಯ ಹಿಂದೆ ಸರಿದಳು. ಅವನು ಬೈಯಲಿಲ್ಲ, ಬಾವಿಕಟ್ಟೆಯ ಮೇಲೆ ಕೂತ. ಆ ಟೈಲು ತನ್ನ ಅಂಗಡಿಯದ್ದೇ ಅಲ್ಲವಾ ಎಂದು ಕೇಳಿದ. ಹೌದೆಂದಳು ಸಫ್ನಾ. ತಾನು ಕುಟುಂಬಕ್ಕೆಲ್ಲ ಕಳಿಸಿಯಾಯಿತಲ್ಲ ಎಂದು ಅವನು ಹೇಳುತ್ತಿರುವಾಗಲೇ ಉಮ್ಮಾಲಿಮ್ಮನ ಕೈಯಲ್ಲಿ ಫೋನು ಮತ್ತೆ ಬಡಿದುಕೊಂಡಿತು.

ನಂಬರು ನೋಡಿದ ಸಫ್ನಾ ಅದು ಮಿದ್ಲಾಜನದೆಂದಳು. ಉಮ್ಮಾಲಿಮ್ಮ ಮಗನ ಮುಖ ನೋಡಿದಳು. ಹಮೀದ್ ಏನೋ ಯೋಚಿಸಿ, ಮಾತಾಡಿ ಎಂದು ಕೈಸನ್ನೆ ಮಾಡಿದ. ಸ್ಪೀಕರ್ ಒತ್ತಿದ್ದೂ ಅವನೇ.

ಪ್ರಿನ್ಸಿಪಾಲರು ಮತ್ತೆ ರೈಲ್ವೆ ಸ್ವರದಲ್ಲಿ ನಮಸ್ಕಾರ ಹೇಳಿದರು. ಮಿದ್ಲಾಜ್ ಬಹಳ ವಿನಯದಿಂದ ತನ್ನ ಪರಿಚಯ ಹೇಳಿಕೊಂಡ. ಬ್ರೋಷರ್ ನೋಡಿ ಖುಷಿಯಾಯಿತು, ಗಡಿಯ ಈಚೆ ಪ್ಲಸ್ ಟು ಮಕ್ಕಳನ್ನು ಸೇರಿಸಿಕೊಡಲು ಏಜೆಂಟ್ ಬೇಕಾದರೆ ತಾನಿದ್ದೇನೆ ಎಂದ. ಈಗ ಯಾವ ಕಾಲೇಜಿಗೆ ಮಾಡುತ್ತಿದ್ದೀರಿ ಎಂದು ಉಮ್ಮಾಲಿಮ್ಮ ಕೇಳಿದಳು. ಒಂದು ಅಕಾಡೆಮಿಗೆ ಎಂದ.

"ಅದು ನಿಮ್ಮ ಹಾಗೆ ದೊಡ್ಡದಲ್ಲ ಮೇಡಂ. ಬಿಲ್ಡಿಂಗ್ ಇನ್ನೂ ಆಗಲಿಲ್ಲ, ಈಗ ಬೇಕರಿಯ ಮಾಳಿಗೆಯಲ್ಲಿ ಎರಡು ರೂಮು. ನಮ್ಮ ಮಾವನ ಮಗಳನ್ನು ಅಲ್ಲಿಗೆ ಹಾಕುವ ಅಂತ ಇತ್ತು. ನೀವು ಹ್ಞೂಂ ಅಂದರೆ ನಿಮ್ಮಲ್ಲಿಗೇ ತಿರುಗಿಸ್ತೇನೆ."

ಹಮೀದ್ ಮುಂದಕ್ಕೆ ಬಾಗಿ ಫೋನಿನ ಹತ್ತಿರ ಬಾಯಿ ತಂದ. "ಬೇಡ ಮಾರಾಯ, ಅವಳನ್ನು ನಾನೇ ಸೇರಿಸ್ತೇನೆ," ಎಂದ.

ಆ ಕಡೆಯಿಂದ ಫೋನು ಕಟ್ಟಾಯಿತು. ಮೊದಲು ನಕ್ಕದ್ದು ರಿಫಾನಾ. ಅಡುಗೆಮನೆಯ ಕಿಟಕಿಯಲ್ಲಿ ಅವಳು ಯಾವಾಗಿನಿಂದ ನಿಂತಿದ್ದಳೋ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಹಮೀದನಿಗೂ ತಡೆಯಲಾಗಲಿಲ್ಲ. ಆದರೂ ಕುಟುಂಬದ ಗ್ರೂಪಿನಲ್ಲಿ ಅದು ಸುಳ್ಳು ಕಾಲೇಜೆಂದು ಬರೆಯುವ ಶಿಕ್ಷೆಯನ್ನು ಮಗಳಿಗೇ ಕೊಟ್ಟ. ಅವಳು ಬರೆದರೂ ಕೆಲವರು ನಂಬಲಿಲ್ಲ. ಬೆಳ್ಳೂರಿನಲ್ಲಿರುವ ದೂರದ ನೆಂಟರೊಬ್ಬರು, ನಿಮ್ಮ ಮಗಳಿಗೆ ಮಾತ್ರ ಸೀಟು ಇಟ್ಟುಕೊಂಡು ಬೇರೆಯವರಿಗೆ ಇಲ್ಲವೆನ್ನುತ್ತೀರಾ ಎಂದು ಹಮೀದನೊಡನೆ ಮುನಿಸಿಕೊಂಡರು.

ಮುಂದಿನ ಸೋಮವಾರ ಹಮೀದ್ ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಮಂಗಳೂರಿನ ಆ ಹಳೆಯ ಕಾಲೇಜಿಗೆ ಹೋದ. ಒಳಗೆ ಕಾವಿ ನೆಲ, ಅಲ್ಲಲ್ಲಿ ಬಿರುಕು. ಅವನು ಅದನ್ನು ನೋಡಿ ನಿಟ್ಟುಸಿರು ಬಿಟ್ಟದ್ದು ಉಮ್ಮಾಲಿಮ್ಮನಿಗೆ ಕೇಳಿಸಿತು. ಆದರೆ ಈ ಸಲ ಅವನು ನೆಲ ಬಿಟ್ಟು ಜನರನ್ನು ಹಿಡಿದ. ಕಳೆದ ವರ್ಷ ಕಲಿತು ಹೋದವರು ಈಗ ಎಲ್ಲಿದ್ದಾರೆ ಎಂದು ಮೇಷ್ಟ್ರನ್ನು ಕೇಳಿದ. ಕೆಲವರು ಕೆಲಸದಲ್ಲಿ, ಇಬ್ಬರು ಸ್ವಂತ ಸ್ಟುಡಿಯೊ ಮಾಡಿದ್ದಾರೆ, ಒಬ್ಬ ಇನ್ನೂ ಹುಡುಕುತ್ತಿದ್ದಾನೆ ಎಂದು ಮೇಷ್ಟ್ರು ಮುಚ್ಚುಮರೆಯಿಲ್ಲದೆ ಹೇಳಿದರು. ಕಂಪ್ಯೂಟರ್ ಯಾವಾಗ ಎಂದು ಕೇಳಿದ್ದಕ್ಕೆ, ಮೊದಲ ವರ್ಷ ಹೆಚ್ಚಾಗಿ ಪೆನ್ಸಿಲೇ ಎಂದರು. ಕೊನೆಯ ವರ್ಷದ ಹುಡುಗಿಯೊಬ್ಬಳು ಅವನ ವಿಸಿಟಿಂಗ್ ಕಾರ್ಡ್ ಕೇಳಿ ಪಡೆದು, ಇದರಲ್ಲಿ ಫೋನ್ ನಂಬರು ಎಲ್ಲಿ ಅಂಕಲ್ ಎಂದಳು. ಹಮೀದನಿಗೆ ಹುಡುಕಿ ತೋರಿಸಲು ಸಾಕಷ್ಟು ಹೊತ್ತು ಬೇಕಾಯಿತು. ಕಾರ್ಡನ್ನು ಅವನು ಜೇಬಿಗೆ ಹಾಕಿಕೊಂಡ. ಬಸ್ಸಿನಲ್ಲಿ ಬರುವಾಗ, ಈ ಔಷಧಿ ಡಬ್ಬಿಯ ಮೇಲೆ ಬರೆಯುವುದು, ಬಸ್ಸಿನ ಬೋರ್ಡು, ಇದರಲ್ಲಿ ನಿನಗೆ ಯಾವುದು ಇಷ್ಟ ಎಂದು ಮಗಳನ್ನು ಕೇಳಿದ. ಗಡಿಯ ತಲಪಾಡಿ ದಾಟಿದರೂ ಅವಳ ಮಾತು ಮುಗಿಯಲಿಲ್ಲ.

ಪ್ರವೇಶ ಪರೀಕ್ಷೆಯ ದಿನ ಮಕ್ಕಳೆಲ್ಲ ಒಳಗೆ ಚಿತ್ರ ಬರೆಯುತ್ತಿದ್ದರು. ಹೊರಗೆ ಮರದ ನೆರಳಿನಲ್ಲಿ ಕಾಯುತ್ತಿದ್ದ ತಂದೆತಾಯಿಗಳ ನಡುವೆ ಹಮೀದ್ ಕಾಲೇಜು ಆರಿಸುವುದು ಹೇಗೆಂದು ವಿವರಿಸುತ್ತಿದ್ದ. ಬ್ರೋಷರ್ ನೋಡಬಾರದು, ಮಕ್ಕಳ ಕೆಲಸ ನೋಡಬೇಕು, ಕೆಲಸ ಸಿಗದವನ ಬಗ್ಗೆಯೂ ಹೇಳುವ ಮೇಷ್ಟ್ರು ಇದ್ದಾರಾ ಕೇಳಬೇಕು ಎಂದೆಲ್ಲ ಹೇಳುತ್ತಿದ್ದ. ಎಲ್ಲರೂ ಗಂಭೀರವಾಗಿ ಕೇಳುತ್ತಿದ್ದರು. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಒಬ್ಬರು ವಿಚಾರಿಸಿದಾಗ, ಅನುಭವ ಎಂದ.

ಉಮ್ಮಾಲಿಮ್ಮ ಬಾಯಿಗೆ ಬಂದ ನಗುವನ್ನು ನುಂಗಿ ಬಾಗಿಲಿನ ಕಡೆ ನೋಡಿದಳು. ಸಫ್ನಾ ಹೊರಗೆ ಬರುತ್ತಿದ್ದಳು. ಬೆರಳೆಲ್ಲ ಪೆನ್ಸಿಲಿನ ಕಪ್ಪು, ಮೂಗಿನ ಮೇಲೂ ಒಂದು ಗೀಟು, ಮುಖದ ತುಂಬ ನಗು. ಹೇಗಾಯಿತೆಂದು ಯಾರೂ ಕೇಳಬೇಕಾಗಿರಲಿಲ್ಲ.