ಎತ್ತಿನ ಪಾಲಿನ ಹುರುಳಿ

ಮೂರು ವರ್ಷ ನಾನು ಹುರುಳಿ ಕಟ್ಟು ಕುಡಿದಿದ್ದೇನೆ. ಕಟ್ಟು ಎಂದರೆ ಹುರುಳಿ ಬೇಯಿಸಿ ಬಸಿದ ನೀರು. ಬೆಂದ ಕಾಳು ಎತ್ತಿಗೆ, ಬಸಿದ ನೀರು ನನಗೆ. ಇದನ್ನು ಕಂಡುಹಿಡಿದ ಮಹಾನುಭಾವ ನಮ್ಮ ಗರಡಿಯ ಉಸ್ತಾದ ಮೂಡಲಗಿರಿಯಪ್ಪ. ಕಾಳಿನ ಸತ್ವವೆಲ್ಲ ನೀರಿಗಿಳಿಯುತ್ತದೆ, ಉಳಿಯುವುದು ಬರೀ ಚರಟ ಎಂದು ಅವನು ಹೇಳಿದ, ಊರು ತಲೆಯಾಡಿಸಿತು. ಆಡಿಸದೆ ಏನು ಮಾಡುತ್ತದೆ? ನಮ್ಮ ಎದುರಾಳಿ ಸಿರಾದ ಪೈಲ್ವಾನನಿಗೆ ಅವನ ಕಡೆಯವರು ಬಾದಾಮಿ, ಹಾಲು, ತುಪ್ಪ, ಕುರಿಮಾಂಸ ತಿನ್ನಿಸುತ್ತಿದ್ದರು. ನಮ್ಮೂರಿನಲ್ಲಿ ಅದೆಲ್ಲ ಎಲ್ಲಿಂದ ಬರಬೇಕು? ಹುರುಳಿಯಾದರೆ ಎತ್ತಿಗೆಂದು ಹೇಗೂ ಮನೆಮನೆಯಲ್ಲಿ ಬೇಯುತ್ತಿತ್ತು. ಬಿಟ್ಟಿ ನೀರಿನಲ್ಲಿ ಒಬ್ಬ ಪೈಲ್ವಾನ ತಯಾರಾಗುತ್ತಾನೆ ಎಂದರೆ ಯಾರು ಬೇಡವೆಂದಾರು. ಮನೆಗೊಂದು ದಿನದಂತೆ ಸರದಿ ಹಾಕಿಕೊಂಡರು.

ನನ್ನ ಹೆಸರು ಕದರಪ್ಪ. ನಮ್ಮೂರು ಬಡವನಹಳ್ಳಿಗೆ ಒಂದು ಹರದಾರಿ. ನಮ್ಮಪ್ಪ ಊರ ಪೈಲ್ವಾನನಾಗಿದ್ದ. ಅದಕ್ಕೆಂದು ಊರು ಬಿಟ್ಟುಕೊಟ್ಟ ಎರಡೆಕರೆ ಗರಡಿ ಹೊಲದಲ್ಲೇ ನಮ್ಮ ಮನೆ ಉಂಡದ್ದು. ಅಪ್ಪ ಸತ್ತ ಮೇಲೆ ಪಟೇಲ ಪರ್ವತಯ್ಯನವರು ಕರೆಸಿ, ಹೊಲ ಬೇಕಿದ್ದರೆ ಗರಡಿಗೆ ಇಳಿ ಎಂದರು. ಆಗ ನನಗೆ ಮದುವೆಯಾಗಿ ಐದು ತಿಂಗಳು. ಗರಡಿಯ ಹನುಮಪ್ಪನ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿಸಿದರು. ಸಿರಾದವನ ಬೆನ್ನು ಮಣ್ಣಿಗೆ ಮುಟ್ಟಿಸುವ ತನಕ ಗರಡಿಯಲ್ಲೇ ವಾಸ, ಹೆಂಡತಿಯ ಜೊತೆ ಮಾತಿಲ್ಲ, ಹನುಮಪ್ಪನ ಮುಂದಿಟ್ಟದ್ದನ್ನು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಕೂಡದು. ಗೆದ್ದ ದಿನ ಮನೆಗೆ ಹೋಗಬಹುದು, ಹೊಲವೂ ನಮ್ಮದೇ. ಆಣೆ ಮುರಿದರೆ ಮಾತ್ರ ಗೆದ್ದರೂ ಗೆದ್ದಂತಲ್ಲ, ಹೊಲವೂ ಹೋಯಿತು. ಒಂದು ವರ್ಷದ ಮಾತು ತಾನೇ ಎಂದುಕೊಂಡು ಕರ್ಪೂರದ ಮೇಲೆ ಕೈಯಾಡಿಸಿದೆ.

ಬೆಳಗಾದರೆ ಐನೂರು ದಂಡ, ಸಾವಿರ ಬಸ್ಕಿ. ಎರಡು ಹೊತ್ತು ಒಂದೊಂದು ಮುದ್ದೆ, ಉಳಿದಂತೆ ಕಟ್ಟು. ಕುಡಿದು ಕುಡಿದು ಹೊಟ್ಟೆ ಉಬ್ಬಿತು, ತೋಳು ಕರಗಿತು. ಬಡವನಹಳ್ಳಿ ಸಂತೆ ಮೈದಾನದ ಕುಸ್ತಿಯಲ್ಲಿ ಎರಡು ವರ್ಷ ಸಿರಾದವನು ನನ್ನನ್ನು ಒಂದು ಎಲೆಯಡಿಕೆ ಜಗಿಯುವಷ್ಟರಲ್ಲಿ ಕೆಡವಿದ. ಎರಡನೆಯ ಸಲ ಸೋತು ಬಂದಾಗ ಉಸ್ತಾದ ನನ್ನ ಮೈಯನ್ನು ಹಿಸುಕಿ ನೋಡಿ, “ಕಟ್ಟು ಸಾಲ್ತಾ ಇಲ್ಲ ಕಣ್ಲಾ,” ಎಂದು ತೀರ್ಪು ಕೊಟ್ಟ. ಎರಡು ಚೊಂಬು ಇದ್ದದ್ದು ಅಂದಿನಿಂದ ನಾಲ್ಕಾಯಿತು.

ಗರಡಿಯ ಹಿಂದಿನ ಗೋಡೆಯ ಆಚೆಗೆ ಪಟೇಲರ ಕೊಟ್ಟಿಗೆ. ಅಲ್ಲಿ ಎತ್ತುಗಳಿಗೆ ಹುರುಳಿ ಬೇಯಿಸಿ ಇಡುವ ಕೆಲಸ ನನ್ನ ಹೆಂಡತಿ ಓಬಳಮ್ಮನದು. ಮಣ್ಣುಗೋಡೆಯಲ್ಲಿ ಒಂದು ಕಲ್ಲು ಬಿದ್ದು ಕೈ ತೂರುವಷ್ಟು ಕಂಡಿಯಾಗಿತ್ತು. ಒಂದು ಮಧ್ಯಾಹ್ನ, ಉಸ್ತಾದ ಗೊರಕೆ ಹೊಡೆಯುತ್ತಿದ್ದಾಗ, ಆ ಕಂಡಿಯಿಂದ ಅವಳ ದನಿ ಕೇಳಿಸಿತು.

“ನಾನೇನು ಯಾರ ಜತೇಗೂ ಮಾತಾಡ್ತಾ ಇಲ್ಲ, ಎತ್ತಿನ ಜತೆ ಮಾತಾಡ್ತಾ ಇದೀನಿ,” ಎಂದಳು. “ನೋಡಪ್ಪ ಬಸವ, ಗೋಡೆ ಆಚೆ ಒಬ್ಬ ಅವ್ನೆ. ನೀನು ತಿನ್ನೋ ಹುರುಳೀದೇ ನೀರು ಅವ್ನು ಕುಡಿಯೋದು. ಸತ್ವ ಎಲ್ಲಾ ನೀರ್ನಾಗೇ ಐತಂತೆ. ಅಂಗಾದ್ರೆ ಅವ್ನು ಯಾಕೆ ಕಡ್ಡಿ ಆಗವ್ನೆ, ನೀನ್ಯಾಕೆ ಇಂಗೆ ಕೊಬ್ಬಿದೀಯ?”

ಎರಡು ವರ್ಷದಲ್ಲಿ ಮೊದಲ ಸಲ ನಗು ಬಂತು. ನಕ್ಕು ಮುಗಿಯುವಷ್ಟರಲ್ಲಿ ನನ್ನ ಮೇಲೇ ಸಿಟ್ಟು ಬಂತು. ಊರಿನ ಎತ್ತುಗಳೆಲ್ಲ ದುಂಡಗಿವೆ, ಇದು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ? ಕಂಡಿಯಲ್ಲಿ ಬಳೆ ತೊಟ್ಟ ಕೈಯೊಂದು ಮುತ್ತುಗದ ಎಲೆಯ ಪೊಟ್ಟಣ ಚಾಚಿತು. ಬಿಸಿ ಹುರುಳಿ, ಮೇಲೆ ನಾಲ್ಕು ಹರಳು ಉಪ್ಪು. ಇದನ್ನು ಹನುಮಪ್ಪನ ಮುಂದೆ ಇಟ್ಟಿರಲಿಲ್ಲ, ಇಡುವಂತೆಯೂ ಇರಲಿಲ್ಲ. ಅವನ ಕಡೆ ಬೆನ್ನು ತಿರುಗಿಸಿ ಕೂತು ಅಷ್ಟನ್ನೂ ತಿಂದೆ.

ಆಮೇಲೆ ದಿನಾ ಬರುತ್ತಿತ್ತು. ಜೊತೆಗೆ ಬಸವನ ಹೆಸರಿನಲ್ಲಿ ಮನೆಯ ಸುದ್ದಿಯೂ ಬರುತ್ತಿತ್ತು: ಅತ್ತೆಯ ಕೆಮ್ಮು, ಹೊಲದಲ್ಲಿ ಅವರೆ ಹೂಬಿಟ್ಟದ್ದು, ಗಂಡ ಬರುವ ದಿನಕ್ಕೆಂದು ಸಾಕಿರುವ ಕೋಳಿಹುಂಜ. ನನಗೆ ಕಾಣುತ್ತಿದ್ದದ್ದು ಮೊಣಕೈವರೆಗಿನ ಓಬಳಮ್ಮ ಮಾತ್ರ. ಆ ಕೈ ನೋಡಲು ಬೆಳಗಿನಿಂದ ಕಾಯುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ನಾಲ್ಕು ತಿಂಗಳಲ್ಲಿ ಎದೆ ಹರಡಿತು, ತೊಡೆ ಗಟ್ಟಿಯಾಯಿತು. ಉಸ್ತಾದ ಬಂದವರಿಗೆಲ್ಲ ನನ್ನ ತೋಳು ತಟ್ಟಿ ತೋರಿಸಿ, “ನಾಲ್ಕು ಚೊಂಬಿನ ಮೈ ಕಣ್ರಪ್ಪಾ ಇದು,” ಎನ್ನುತ್ತಿದ್ದ. ಚೊಂಬನ್ನು ಅವನ ತಲೆಗೇ ಬೋರಲು ಹಾಕುವಷ್ಟು ಸಿಟ್ಟು ಬರುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದೆ, ಹೊಲ ಇತ್ತಲ್ಲ.

ಒಂದು ದಿನ ಓಬಳಮ್ಮನ ದನಿ ಸಣ್ಣಗಾಗಿತ್ತು. “ಬಸವನ ಪಕ್ಕೆ ಕಾಣ್ತಾ ಐತೆ. ಪಟೇಲ್ರು ಎರಡು ಸಲ ನೋಡಿಕೊಂಡು ಹೋದ್ರು.”

“ಸಾಕು ಬುಡು,” ಎಂದೆ. ಆಣೆ ಹಾಕಿದ ಮೇಲೆ ಅವಳೊಡನೆ ನಾನಾಡಿದ ಮೊದಲ ಮಾತು ಅದು.

“ಇನ್ನೊಂದು ತಿಂಗ್ಳು ತಾನೆ,” ಎಂದಳು. “ಆಮೇಕೆ ಮನೇಗೆ ಬಂದ್ಬುಡ್ತೀಯ.”

ಆ ವರ್ಷ ನಾನು ಗೆದ್ದೆ. ಸಿರಾದವನು ಮೊದಲ ಹಿಡಿತಕ್ಕೇ ಬೆಚ್ಚಿದ, ಕಾಲು ಗಂಟೆಯಲ್ಲಿ ಅವನ ಎರಡೂ ಹೆಗಲು ಮಣ್ಣಿಗೆ ಮುಟ್ಟಿದವು. ಒಳ್ಳೆಯ ಮನುಷ್ಯ, ಎದ್ದು ಬಂದು ಬೆನ್ನು ತಟ್ಟಿ, “ಖುರಾಕ್ ಏನು ಭಾಯಿ?” ಎಂದು ಕೇಳಿದ. ನಾನು ಬಾಯಿ ತೆರೆಯುವ ಮುಂಚೆ ಉಸ್ತಾದನೇ, ತಿನ್ನೋದೇನು, ಹುರುಳಿ ಕಟ್ಟು ಎಂದು ಉತ್ತರ ಕೊಟ್ಟ. ನನಗೆ ಅದು ಯಾವುದೂ ಬೇಕಿರಲಿಲ್ಲ, ನಾಳೆ ಮನೆಗೆ ಹೋಗುತ್ತೇನೆ ಎಂಬುದೊಂದೇ ತಲೆಯಲ್ಲಿತ್ತು.

ಮರುದಿನ ಬೆಳಿಗ್ಗೆ ಗರಡಿಯ ಮುಂದೆ ಊರು ಸೇರಿತು. ನನಗೆ ರುಮಾಲು ಸುತ್ತಲು ಎದ್ದ ಪಟೇಲರು, “ಅದಕ್ಕೆ ಮುಂಚೆ ಇನ್ನೊಂದು ಇಚಾರ ಐತೆ,” ಎಂದರು. ಎತ್ತುಗಳನ್ನು ಹಿಡಿದು ತರಿಸಿದ್ದರು, ಪಕ್ಕೆಲುಬು ಎದ್ದಿದ್ದವು. “ದಿನಾ ಎರಡು ಸೇರು ಹುರುಳಿ ಅಳೆದುಕೊಡ್ತೀನಿ. ಇವುಗಳ ಹೊಟ್ಟೆಗೆ ಹೋಗಿಲ್ಲ. ಎಲ್ಲೋಯ್ತು ಓಬಳಮ್ಮ?”

ಓಬಳಮ್ಮ ಹೆಂಗಸರ ಗುಂಪಿನಿಂದ ಮುಂದೆ ಬಂದಳು. ಒಂದು ಸಲ ನನ್ನ ಕಡೆ ನೋಡಿದಳು, ಸುಮ್ಮನಿರು ಎಂಬ ನೋಟ.

“ನಾನೇ ತಿಂದೆ ಸ್ವಾಮಿ,” ಎಂದಳು. “ಹೊಟ್ಟೆ ಕೇಳ್ಲಿಲ್ಲ.”

ಆಗ ನಾನು ಹೇಳಬೇಕಿತ್ತು. ಹೇಳಿದರೆ ಆಣೆ ಮುರಿದದ್ದು ಬಯಲಾಗುತ್ತದೆ, ಗೆದ್ದದ್ದು ಹೋಗುತ್ತದೆ, ಹೊಲ ಹೋಗುತ್ತದೆ. ಸುಮ್ಮನಿದ್ದರೆ ಇವತ್ತೇ ಮನೆ. ಅವಳ ಕಾಲು ಹಿಡಿದು ಸಮಾಧಾನ ಮಾಡಲು ಇಡೀ ಜನ್ಮ ಇದೆ. ಹೀಗೆ ಯೋಚಿಸುತ್ತ ನಿಂತೆ. ನನ್ನ ನಾಲಿಗೆಗೆ ಹುಳ ಬೀಳಲಿ.

“ಮೂಕಪ್ರಾಣಿ ಬಾಯಿಂದ ಕಿತ್ಕೊಂಡು ತಿಂದವ್ಳಲ್ಲ, ಥೂ,” ಎಂದಳು ಒಬ್ಬಳು ಮುದುಕಿ. ಪಟೇಲರು ಓಬಳಮ್ಮನನ್ನು ಕೆಲಸದಿಂದ ತೆಗೆದರು. ಊರೆಲ್ಲ ನೋಡುತ್ತಿರುವಾಗ ಎರಡೂ ಎತ್ತಿನ ಕಾಲಿಗೆ ಬಿದ್ದು ತಪ್ಪಾಯಿತು ಎನ್ನಿಸಿದರು. ಅವಳು ಒಂದೊಂದು ಗೊರಸಿಗೂ ಹಣೆ ಮುಟ್ಟಿಸಿದಳು. ಅಷ್ಟಾದ ಮೇಲೆ ಪಟೇಲರು ಕೈ ಒರೆಸಿಕೊಂಡು ನನ್ನ ತಲೆಗೆ ರುಮಾಲು ಸುತ್ತಿದರು.

“ನಾನಿನ್ನು ಮನೇಗೆ ಹೋಯ್ತೀನಿ,” ಎಂದೆ.

ಉಸ್ತಾದ ನಕ್ಕ. “ಈಗ್ಲೇ ಎಲ್ಲಿಗ್ಲಾ ಹೋಗ್ತೀಯ? ಪಟೇಲ್ರು ಅಮಲ್ದಾರ್ರಿಗೆ ಮಾತು ಕೊಟ್ಟವ್ರೆ. ದಸರಾಕ್ಕೆ ನಮ್ಮ ಕಟ್ಟಿನ ಪೈಲ್ವಾನ ಮೈಸೂರ್ನಾಗೆ ಇಳೀಬೇಕು. ಅಲ್ಲೀಗಂಟ ಆಣೆ ಇದ್ದಂಗೇ ಇರ್ತದೆ.”

“ಹೊಲ?”

“ಹೊಲಾನೂ ದಸರಾ ಕಳೀಲಿ,” ಎಂದರು ಪಟೇಲರು.

ಆಗ ನನಗೆ ಪೂರ್ತಿ ಅರ್ಥವಾಯಿತು. ಸೋತರೆ ಇನ್ನೊಂದು ವರ್ಷ, ಗೆದ್ದರೆ ಎದುರಿಗೆ ಇನ್ನೊಬ್ಬ ಪೈಲ್ವಾನ. ಇವರು ನನ್ನನ್ನು ಸಾಯುವ ತನಕ ಬಿಡುವುದಿಲ್ಲ. ರುಮಾಲು ಕಿತ್ತು ನೆಲಕ್ಕೆ ಹಾಕಿದೆ.

“ಆಣೆ ನಾನು ಯಾವತ್ತೋ ಮುರಿದೀನಿ,” ಎಂದೆ. “ಎತ್ತಿನ ಹುರುಳಿ ತಿಂದವ್ನು ನಾನು, ಅವಳಲ್ಲ. ಅದರಿಂದ್ಲೇ ನಾನು ಗೆದ್ದಿದ್ದು. ನಿಮ್ಮ ಕಟ್ಟಿನಾಗೆ ಏನೂ ಇಲ್ಲ, ಬರೀ ನೀರು.”

ಉಸ್ತಾದ ಬಂದು ನನ್ನ ಭುಜದ ಮೇಲೆ ಕೈಯಿಟ್ಟ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. “ನೋಡ್ರಪ್ಪಾ, ಹೆಂಡ್ರ ಮಾನ ಉಳಿಸಾಕೆ ಕಳ್ಳತನಾನ ತನ್ನ ಮೇಲೆ ಹಾಕ್ಕೊಂತಾವ್ನೆ. ಇದು ಗಂಡಸ್ತನ ಅಂದ್ರೆ.”

“ಅವ್ಳೇ ಒಪ್ಕೊಂಡವ್ಳಲ್ಲ, ನಿನಗ್ಯಾಕಪ್ಪ,” ಎಂದರು ಯಾರೋ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಗೆಲುವಿನಲ್ಲಿ ಆ ಊರಿನ ಪ್ರತಿ ಮನೆಯ ಚೊಂಬಿನ ಪಾಲೂ ಇತ್ತು; ಅದನ್ನು ಬಿಟ್ಟುಕೊಟ್ಟು ನನ್ನ ಮಾತು ನಂಬಲು ಯಾರಿಗೂ ಮನಸ್ಸಿರಲಿಲ್ಲ.

ನಾನು ಓಬಳಮ್ಮನ ಹತ್ತಿರ ಹೋದೆ. “ನೀನಾದ್ರೂ ಹೇಳೇ,” ಎಂದೆ.

ಅವಳು ಹಣೆಗೆ ಮೆತ್ತಿದ್ದ ಮಣ್ಣನ್ನು ಒರೆಸಿಕೊಳ್ಳುತ್ತಿದ್ದಳು. “ನಾನು ಎತ್ತಿನ ಕಾಲಿಗೆ ಬೀಳೋವಾಗ ನಿನ್ನ ಬಾಯಿ ಎಲ್ಲೋಗಿತ್ತು?” ಎಂದಳು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. ಮತ್ತೆ ನನ್ನ ಮುಖ ನೋಡಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ನಾಲ್ಕು ಜನ ಬಂದು ನನ್ನನ್ನು ಹೆಗಲಿಗೇರಿಸಿದರು, ತಮಟೆ ಶುರುವಾಯಿತು. ಮೇಲಿಂದ ಬದುವಿನ ದಾರಿ ಪೂರ್ತಿ ಕಾಣುತ್ತಿತ್ತು. ಓಬಳಮ್ಮ ಒಬ್ಬಳೇ ನಡೆದು ಹೋಗುತ್ತಿದ್ದಳು. ಇಳಿಸ್ರಪ್ಪ ಎಂದು ಬೇಡಿಕೊಂಡೆ, ಒಬ್ಬನ ತಲೆಗೆ ಗುದ್ದಿದೆ, ಅವರು ನಗುತ್ತಲೇ ನನ್ನನ್ನು ಗರಡಿಯ ಕಡೆ ಹೊತ್ತು ನಡೆದರು. ಗರಡಿಯ ಬಾಗಿಲು ಗಿಡ್ಡ. ತಲೆ ಬಗ್ಗಿಸು ಪೈಲ್ವಾನ ಎಂದು ಕೆಳಗಿನಿಂದ ಕೂಗಿದರು. ಬಗ್ಗಿಸಿದೆ.