ಶೇಖಮ್ಮ ಹೊತ್ತ ದೇವಿಯ ಕೊಡ

ನಲವತ್ತರ ದಶಕದ ಮಾತು. ರಾಯಚೂರಿನ ದಲ್ಲಾಳಿಯೊಬ್ಬರ ಅಡತಿ ಅಂಗಡಿಯ ಅಂಗಳದಲ್ಲಿ ನಾವು ಹೆಂಗಸರು ಬಿತ್ತನೆಯ ಶೇಂಗಾ ಒಡೆಯಲು ಕೂಡುತ್ತಿದ್ದೆವು. ಶಾಲೆ ಕಾಣದ ನಮಗೆ ಅದೇ ಶಾಲೆ. ಬಸುರು, ಬಾಣಂತನ, ಗಂಡನ ಸಂಗತಿ ಎಲ್ಲ ಕಲಿತದ್ದು ಅಲ್ಲೇ, ನಗುನಗುತ್ತ.

ನಗಿಸುವವಳು ಮುನವ್ವರ್ ಬೀ. ಹಬಶಿ ಮನೆತನದ ಮುದುಕಿ. ಅವಳ ಅಜ್ಜ ಆಫ್ರಿಕಾದಿಂದ ನಿಜಾಮರ ಕುದುರೆ ಪಡೆಗೆ ಬಂದವನಂತೆ. ಕಡುಗಪ್ಪು ಮೈ, ಗುಂಗುರು ಬಿಳಿಗೂದಲು. ಹೊಸಬರು ಮಿಕಿಮಿಕಿ ನೋಡಿದರೆ, "ನೋಡ್ರಿ, ನೋಡಾಕ ರೊಕ್ಕ ಕೇಳಂಗಿಲ್ಲ" ಎನ್ನುತ್ತಿದ್ದಳು.

ಅವಳ ಜೀವದ ಗೆಳತಿ ನನ್ನ ಅತ್ತೆ ಶೇಖಮ್ಮ. ನಮ್ಮ ಕೇರಿಯ ಹಬ್ಬದಲ್ಲಿ ಮುಟ್ಟು ನಿಂತವಳೇ ದೇವಿಯ ಕೊಡ ಹೊರಬೇಕು. ಅತ್ತೆಗೆ ಮುಟ್ಟು ನಿಂತು ಬಹಳ ವರ್ಷವಾಗಿತ್ತು, ಪ್ರತಿ ವರ್ಷ ಅವಳೇ ಹೊರುತ್ತಿದ್ದಳು. ಕೊಡ ತಲೆಗೇರಿದಾಗ ಅವಳ ನಡಿಗೆಯೇ ಬೇರೆಯಾಗುತ್ತಿತ್ತು.

ಒಂದು ವರ್ಷ ಹಬ್ಬ ಹತ್ತಿರ ಬಂದಂತೆ ಅತ್ತೆ ಮಂಕಾದಳು. ಮಾವನ ಹಾಸಿಗೆ ಹೊರಗಿನ ಕಟ್ಟೆಗೆ ಹೋಯಿತು. ಮುನವ್ವರ್ ಬೀ ಬಿಡದೆ ಕೆದಕಿದ ಮೇಲೆ ಅತ್ತೆ ಬಾಯಿಬಿಟ್ಟಳು: ಮತ್ತೆ ರಕ್ತ ಹೋಗುತ್ತಿದೆ.

"ಮೊಮ್ಮಕ್ಕಳಾದ ಮ್ಯಾಲೂ ಗಂಡನ ಮಗ್ಗಲಕ ಮಲಗೀನಿ. ಅದಕ್ಕ ದೇವಿ ಮುನಿದಾಳ. ಯಾರಿಗೂ ಹೇಳಬ್ಯಾಡಬೇ, ಕೊಡ ಕಸಗೊಂತಾರ."

"ನಮ್ಮ ಮಿಯಾ ಇರೋತನಕ ನಾನೇನು ಗ್ವಾಡಿ ಕಡಿ ಮುಖ ಮಾಡಿ ಮಲಗಿದ್ನೇನು? ಮುದುಕಿ ಆದ್ರ ಆಸಿ ಸಾಯ್ತದ? ಅದು ಪಾಪಲ್ಲ," ಎಂದು ಮುನವ್ವರ್ ಬೀ ನಕ್ಕಳು. ಆಮೇಲೆ ನಗು ನಿಂತಿತು. ಅವಳ ಅಕ್ಕನಿಗೂ ಹೀಗೇ ಆಗಿತ್ತಂತೆ. ಮೊಹರಮ್ಮಿನ ಪೀರಲ ದೇವರಿಗೆ ಹರಕೆ ಹೊತ್ತು ಮುಚ್ಚಿಟ್ಟಳಂತೆ, ಉಳಿಯಲಿಲ್ಲವಂತೆ.

"ಪೀರಲ ಮುಂದ ನಾ ಇವತ್ತಿಗೂ ಊದಿನ ಹೊಗಿ ಹಾಕ್ತೀನಿ. ಆದ್ರ ಇದು ದವಾಖಾನಿ ಕೆಲಸ. ನಡಿ."

"ಮತ್ತ ಕೊಡ?"

"ದೇವಿ ಕಾಯ್ತಾಳ ಶೇಖವ್ವಾ. ಬ್ಯಾನಿ ಕಾಯಂಗಿಲ್ಲ."

ಮಾವ ಮೂಕಪ್ಪನಿಗೆ ಹೇಳಿದವಳೂ ಅವಳೇ. ಅವನು ತಲೆ ತಗ್ಗಿಸಿ ಎಲ್ಲ ಕೇಳಿದ. ಹೋಗಿ ಟಾಂಗಾ ಕರೆತಂದ. ಲೇಡಿ ಡಾಕ್ಟರು ಗರ್ಭಕೋಶದಲ್ಲಿ ಗಂಟು ಬೆಳೆದಿದೆ ಎಂದರು, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು, ಆಪರೇಷನ್ ಮಾಡಿ ತೆಗೆದರು.

ಆ ಹಬ್ಬದಲ್ಲಿ ಕೊಡವನ್ನು ಬೇರೆ ಯಾರೂ ಹೊರಲಿಲ್ಲ. ವಿಷಯ ತಿಳಿದ ಕೇರಿಯ ಹೆಂಗಸರು ಅದನ್ನು ತೊಳೆದು, ಅತ್ತೆ ಬರುವತನಕ ಇರಲೆಂದು ಗುಡಿಯಲ್ಲಿ ಬೋರಲು ಹಾಕಿಟ್ಟರು. ಮರುವರ್ಷ ಅತ್ತೆಯೇ ಹೊತ್ತಳು. ಮಾವನ ಹಾಸಿಗೆ ಅಷ್ಟೊತ್ತಿಗಾಗಲೇ ಒಳಗೆ ಬಂದಿತ್ತು.

ಅಕ್ಕಂದಿರೇ, ಅವ್ವಂದಿರೇ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಶಾಪವೆಂದು ಮುಚ್ಚಿಡಬೇಡಿ. ಪಕ್ಕದಲ್ಲಿ ಕುಳಿತವಳಿಗೆ ಹೇಳಿ. ಅವಳನ್ನೇ ಜೊತೆ ಕರೆದುಕೊಂಡು ದವಾಖಾನೆಗೆ ಹೋಗಿ. ನಿಮ್ಮ ಕೊಡ ಎಲ್ಲಿಗೂ ಹೋಗುವುದಿಲ್ಲ.